ಟ್ರ್ಯಾಕ್‌ಗೆ ಗಡುಸಾಗಿಸಿದ ಹಳೆಯ ಪೋರ್ಶೆ 911 ಅನ್ನು ಮತ್ತೆ ರಸ್ತೆಗೆ ಹದಗೊಳಿಸುವುದು

ಈ ಟಿಪ್ಪಣಿ 1978ರಿಂದ 1989ರವರೆಗಿನ 911 ಎಸ್‌ಸಿ ಮತ್ತು ಕರೆರಾ 3.2 ಕಾರುಗಳಿಗೆ ಸಂಬಂಧಿಸಿದ್ದು. ಇವುಗಳಲ್ಲಿ ಕಾರಿನ ಭಾರ ಹೊರುವುದು ಸುರುಳಿ ಸ್ಪ್ರಿಂಗ್ ಅಲ್ಲ, ಟಾರ್ಷನ್ ಬಾರ್. ಒಂದು ತುದಿ ಕಾರಿನ ಒಡಲಿಗೆ, ಇನ್ನೊಂದು ತುದಿ ಚಕ್ರದ ತೋಳಿಗೆ ಸಿಕ್ಕಿಸಿದ ಉಕ್ಕಿನ ಸರಳು ಅದು. ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿಕೊಂಡು ಭಾರ ತಡೆಯುತ್ತದೆ. ಮುಂದಿನ ಬಾರ್‌ಗಳು ಕಾರಿನ ಉದ್ದಕ್ಕೂ, ಹಿಂದಿನವು ಅಡ್ಡಕ್ಕೂ ಇರುತ್ತವೆ.

ಮೊದಲು ತಿಳಿಯಬೇಕಾದ ಲೆಕ್ಕ ಒಂದೇ: ಬಾರ್‌ನ ಗಡಸುತನ ಅದರ ವ್ಯಾಸದ ನಾಲ್ಕನೇ ಘಾತಕ್ಕೆ ಅನುಗುಣ. ಕಾರ್ಖಾನೆಯಿಂದ ಬಂದಾಗ ಮುಂದೆ ಸುಮಾರು 19 ಮಿ.ಮೀ., ಹಿಂದೆ ವರ್ಷಕ್ಕೆ ತಕ್ಕಂತೆ 23 ಅಥವಾ 24, 1986ರಿಂದ 25 ಮಿ.ಮೀ. ಬಾರ್ ಇರುತ್ತಿತ್ತು. ಟ್ರ್ಯಾಕ್‌ಗೆಂದು ಮುಂದೆ 22, ಹಿಂದೆ 28 ಹಾಕಿದ್ದರೆ ಕಾಗದದ ಮೇಲೆ ಮೂರು ನಾಲ್ಕು ಮಿ.ಮೀ. ವ್ಯತ್ಯಾಸ ಅಷ್ಟೇ. ಆದರೆ 22ನ್ನು 19ರಿಂದ ಭಾಗಿಸಿ ನಾಲ್ಕನೇ ಘಾತಕ್ಕೆ ಏರಿಸಿದರೆ 1.80, 28 ಮತ್ತು 24ಕ್ಕೆ ಅದೇ ಲೆಕ್ಕದಲ್ಲಿ 1.85 ಬರುತ್ತದೆ. ಅಂದರೆ ಕಾರು ಎರಡೂ ಕಡೆ ಸುಮಾರು ಶೇ. 80ರಷ್ಟು ಗಡುಸಾಗಿದೆ. ಮುಂದೆ 21, ಹಿಂದೆ 26 ಹಾಕಿದರೆ ಮೂಲಕ್ಕಿಂತ ಕ್ರಮವಾಗಿ ಶೇ. 49 ಮತ್ತು 38 ಹೆಚ್ಚು. ಆಗಾಗ ಟ್ರ್ಯಾಕ್‌ಗೂ ಹೋಗುವವರಿಗೆ ಇದು ಒಪ್ಪಬಹುದಾದ ನಡುದಾರಿ. ರಸ್ತೆಗಷ್ಟೇ ಎಂದಾದರೆ 19 ಮತ್ತು 24ಕ್ಕೆ ಮರಳುವುದೇ ಸರಿ.

ಒಂದು ತುದಿಯನ್ನು ಮಾತ್ರ ಮೆದು ಮಾಡಬೇಡಿ. ಎಂಜಿನ್ ಹಿಂದಿರುವ ಈ ಕಾರಿನಲ್ಲಿ ಸುಮಾರು ಶೇ. 60 ಭಾರ ಹಿಂದಿನ ಚಕ್ರಗಳ ಮೇಲಿದೆ. ಮುಂದನ್ನು ಮೆದುಗೊಳಿಸಿ ಹಿಂದನ್ನು ಗಡುಸಾಗಿಯೇ ಬಿಟ್ಟರೆ ತಿರುವಿನಲ್ಲಿ ಹೊರಬದಿಗೆ ಸರಿಯುವ ಭಾರದ ಹೆಚ್ಚಿನ ಪಾಲು ಹಿಂದಿನ ಹೊರ ಟಯರ್‌ಗೆ ಹೋಗುತ್ತದೆ. ನಡುತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟ ಕ್ಷಣ ಹಿಂಭಾಗ ಹೊರಕ್ಕೆ ಜಾರುವ ಗುಣ ಇದಕ್ಕೆ ಮೊದಲೇ ಇದೆ. ಅದನ್ನು ಇನ್ನಷ್ಟು ಬಲಪಡಿಸಿದಂತಾಗುತ್ತದೆ.

ಬಾರ್ ಬದಲಿಸುವ ಮುನ್ನ ಎತ್ತರ

ಕೆಲಸ ಕೆಡುವುದು ಬಹುತೇಕ ಇಲ್ಲೇ. ಗಡುಸು ಬಾರ್ 40 ಮಿ.ಮೀ. ಚಲಿಸಿ ತಡೆಯುವ ಹೊರೆಗೆ ಮೆದು ಬಾರ್ 74 ಮಿ.ಮೀ. ಚಲಿಸಬೇಕು. ಟ್ರ್ಯಾಕ್‌ಗೆಂದು ತಗ್ಗಿಸಿದ ಕಾರಿನಲ್ಲಿ ಅಷ್ಟು ಜಾಗವೇ ಉಳಿದಿರುವುದಿಲ್ಲ. ಚಕ್ರದ ಮೇಲ್ಚಲನೆಯ ಕೊನೆಯಲ್ಲಿ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಬಡಿದಾಗ ಗಡಸುತನ ಒಮ್ಮೆಲೇ ಹಲವು ಪಟ್ಟು ಏರಿ, ಮೆದು ಬಾರ್ ಹಾಕಿದ ಕಾರು ಮೊದಲಿಗಿಂತ ಒರಟಾಗಿ ಓಡುತ್ತದೆ. "ಬಾರ್ ಬದಲಿಸಿದರೂ ಏನೂ ಆಗಲಿಲ್ಲ" ಎನ್ನುವ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೇ.

ಎತ್ತರವನ್ನು ಮಡ್‌ಗಾರ್ಡ್ ಅಂಚಿನಿಂದ ಅಳೆಯಬೇಡಿ, ಟಯರ್ ಬದಲಾದರೆ ಆ ಅಳತೆಯೂ ಬದಲಾಗುತ್ತದೆ. ಮುಂದೆ ಚಕ್ರದ ನಡುಬಿಂದು ಟಾರ್ಷನ್ ಬಾರ್ ನಡುಬಿಂದುವಿಗಿಂತ 108 ಮಿ.ಮೀ. ಮೇಲಿರಬೇಕು, 5 ಮಿ.ಮೀ. ಆಚೀಚೆ. ಕಾರು ತಗ್ಗಿದಷ್ಟೂ ಈ ಅಂತರ ಹೆಚ್ಚುತ್ತದೆ. ಹಿಂದಿನ ಅಳತೆಯನ್ನು ನಿಮ್ಮ ಕಾರಿನ ವರ್ಷದ ಕೈಪಿಡಿಯಿಂದ ತೆಗೆದುಕೊಳ್ಳಿ.

ಹಿಂದಿನ ಮಾಲೀಕರು ಮುಂದಿನ ಸ್ಟ್ರಟ್‌ನ (ಶಾಕ್ ಅಬ್ಸಾರ್ಬರ್ ಇರುವ ನಿಲುಗಂಬ) ಸ್ಪಿಂಡಲ್ ಅನ್ನು, ಅಂದರೆ ಚಕ್ರ ಕೂರುವ ಅಚ್ಚನ್ನು, 19 ಮಿ.ಮೀ. ಮೇಲಕ್ಕೆ ಬೆಸುಗೆ ಹಾಕಿಸಿದ್ದರೆ ಈ 108 ತಪ್ಪು ದಾರಿ ಹಿಡಿಸುತ್ತದೆ. ಆಗ ತೋಳಿನ ಮೂಲ ಕೋನ ಸಿಗುವುದು 127ರಲ್ಲಿ. 108ಕ್ಕೇ ಎತ್ತಿದರೆ ತೋಳು ಅತಿಯಾಗಿ ಕೆಳಕ್ಕೆ ಬಾಗಿ, ಚಕ್ರ ಕೆಳಗಿಳಿಯಲು ಜಾಗ ಸಾಲದೆ ಉಬ್ಬು ದಾಟಿದ ಮೇಲೆ ಮುಂಭಾಗ ಟಕ್ ಎಂದು ಎಳೆಯುತ್ತದೆ. ತಗ್ಗಿಸಿದ ಕಾರಿಗೆಂದು ಸ್ಟಿಯರಿಂಗ್ ರ‍್ಯಾಕ್ ಅಡಿಗೆ ಇಟ್ಟ ಸ್ಪೇಸರ್‌ಗಳನ್ನೂ ಹುಡುಕಿ. ಕಾರನ್ನು ಮೂಲ ಎತ್ತರಕ್ಕೆ ಏರಿಸಿದ ಮೇಲೆ ಅವು ಉಳಿದರೆ ಗುಂಡಿ ಬಂದಾಗಲೆಲ್ಲ ಚಕ್ರ ತಾನಾಗಿ ತಿರುಗಿ ಸ್ಟಿಯರಿಂಗ್ ಎಳೆದಾಡುತ್ತದೆ.

ಹಿಂದಿನ ಬಾರ್

ಕಾರನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಚಕ್ರ ತೆಗೆಯಿರಿ. ಹಿಂದಿನ ಚಕ್ರ ಹೊತ್ತ ತೋಳಾದ ಟ್ರೇಲಿಂಗ್ ಆರ್ಮ್‌ಗೆ ಜ್ಯಾಕ್ ಆಸರೆ ಕೊಟ್ಟ ಮೇಲೆಯೇ ಶಾಕ್ ಅಬ್ಸಾರ್ಬರ್‌ನ ಕೆಳಗಿನ ಬೋಲ್ಟ್ ಬಿಚ್ಚಬೇಕು. ಬಾರ್ ಮತ್ತು ಆರ್ಮ್ ಅನ್ನು ಜೋಡಿಸುವ ಉಕ್ಕಿನ ಪಟ್ಟಿಯಾದ ಸ್ಪ್ರಿಂಗ್ ಪ್ಲೇಟ್ ಆರ್ಮ್‌ಗೆ ಕೂಡುವ ಜಾಗದಲ್ಲಿ ಗೀರು ಹಾಕಿಕೊಳ್ಳಿ, ಜೋಡಿಸುವಾಗ ಕ್ಯಾಂಬರ್ (ಚಕ್ರದ ವಾಲು) ಮತ್ತು ಟೋ (ಚಕ್ರ ಒಳಕ್ಕೋ ಹೊರಕ್ಕೋ ನೋಡುವ ಕೋನ) ಹತ್ತಿರಕ್ಕಾದರೂ ಬರುತ್ತವೆ. ನಾಲ್ಕು ಬೋಲ್ಟಿನ ಮುಚ್ಚಳ ತೆಗೆದಾಗಲೂ ಪ್ಲೇಟ್ ಒಂದು ತಡೆಗಟ್ಟೆಯ ಮೇಲೆ ಒತ್ತಿ ಕೂತಿರುತ್ತದೆ, ಒಳಗೆ ಬಾರ್ ಇನ್ನೂ ತಿರುಚಿಕೊಂಡೇ ಇದೆ. ಪ್ಲೇಟ್ ಅಡಿಗೆ ಜ್ಯಾಕ್ ಕೊಟ್ಟು, ಗಟ್ಟೆಯಿಂದ ಹೊರಕ್ಕೆ ಸರಿಸಿ, ನಿಧಾನವಾಗಿ ಇಳಿಸಿ. ಅದು ಚಿಮ್ಮುವ ದಾರಿಯಲ್ಲಿ ಕೈಯಾಗಲಿ ಕಾಲಾಗಲಿ ಇರಕೂಡದು. ಬಲಗಡೆ ಆಯಿಲ್ ಕೊಳವೆಗಳು ಹತ್ತಿರದಲ್ಲೇ ಇವೆ, ಸನ್ನೆಕೋಲು ಅವಕ್ಕೆ ತಾಗದಂತೆ ನೋಡಿಕೊಳ್ಳಿ.

ಹಳೆಯ ಕೋನದಲ್ಲೇ ಹೊಸ ಬಾರ್ ಕೂರಿಸಿದರೆ ಕಾರು ಕುಸಿದು ಕೂರುತ್ತದೆ. ಅದೇ ಭಾರಕ್ಕೆ ಗಡುಸು ಬಾರ್ 15 ಡಿಗ್ರಿ ತಿರುಚುತ್ತಿತ್ತು ಎಂದುಕೊಳ್ಳಿ. 24ರ ಬಾರ್ ಸುಮಾರು 28 ಡಿಗ್ರಿ ತಿರುಚುತ್ತದೆ. ಹಾಗಾಗಿ ತೂಗುಬಿಟ್ಟ ಪ್ಲೇಟ್ 13 ಡಿಗ್ರಿ ಹೆಚ್ಚು ಕೆಳಕ್ಕೆ ನೋಡಬೇಕು. ಬಾರ್‌ನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಒಳಗಿನ ಒಂದು ಹಲ್ಲು 9 ಡಿಗ್ರಿ, ಹೊರಗಿನದು 8.18. ಒಂದನ್ನು ಒಂದು ದಿಕ್ಕಿಗೆ, ಇನ್ನೊಂದನ್ನು ಎದುರು ದಿಕ್ಕಿಗೆ ಒಂದೊಂದು ಹಲ್ಲು ಸರಿಸಿದರೆ ಉಳಿಯುವ ವ್ಯತ್ಯಾಸ 0.82 ಡಿಗ್ರಿ ಮಾತ್ರ, ಇದೇ ಸೂಕ್ಷ್ಮ ಹೊಂದಾಣಿಕೆಯ ಗುಟ್ಟು. ನಮಗೆ ಬೇಕಾದ 13 ಡಿಗ್ರಿಗೆ ಒಳತುದಿ 6 ಹಲ್ಲು (54 ಡಿಗ್ರಿ), ಹೊರತುದಿ ಎದುರು ದಿಕ್ಕಿಗೆ 5 ಹಲ್ಲು (40.9): ಒಟ್ಟು 13.1. ಉಳಿದ ಕೊಂಚವನ್ನು ಎರಡು ತುಂಡಿನ ಸ್ಪ್ರಿಂಗ್ ಪ್ಲೇಟ್‌ನಲ್ಲಿರುವ ಹೊಂದಾಣಿಕೆಯಲ್ಲಿ ಸರಿಮಾಡಿ.

ಎಡ, ಬಲ ಗುರುತಿರುವ ಬಾರ್‌ಗಳನ್ನು ಅದಲುಬದಲು ಮಾಡಲೇಬಾರದು. ತಯಾರಿಸುವಾಗಲೇ ಅವುಗಳನ್ನು ಒಂದು ದಿಕ್ಕಿಗೆ ತಿರುಚಿ ಹದಮಾಡಿರುತ್ತಾರೆ, ಎದುರು ದಿಕ್ಕಿನ ಹೊರೆಗೆ ಬೇಗ ಮುರಿಯುತ್ತವೆ. ಬಣ್ಣ ಕಿತ್ತ ಬಾರ್ ಅನ್ನೂ ಹಾಗೇ ಹಾಕಬೇಡಿ. ಆ ಜಾಗದಲ್ಲಿ ತುಕ್ಕು ಕೊರೆದ ಸಣ್ಣ ಕುಳಿಯಿಂದಲೇ ಬಿರುಕು ಹುಟ್ಟುತ್ತದೆ. ಬಣ್ಣ ಹಚ್ಚಿ, ಒಣಗಿದ ಮೇಲೆ ಹಲ್ಲುಗಳಿಗೆ ಗ್ರೀಸ್ ಸವರಿ.

ಮುಂದೆ ಕೆಲಸ ಸುಲಭ, ಹೊಂದಾಣಿಕೆಗೆ ಸ್ಕ್ರೂ ಇದೆ. ಮೆದು ಬಾರ್‌ಗೆ ಸ್ಕ್ರೂ ಪೂರ್ತಿ ತಿರುಗಿಸಿದರೂ ಎತ್ತರ ಬರದಿದ್ದರೆ ಅದನ್ನು ಬಲವಂತ ಮಾಡದೆ, ಸ್ಕ್ರೂ ಒತ್ತುವ ಲಿವರ್ ಬಿಚ್ಚಿ ಒಂದು ಹಲ್ಲು ಸರಿಸಿ ಕೂರಿಸಿ.

ಶಾಕ್ ಅಬ್ಸಾರ್ಬರ್ ಮತ್ತು ಬುಷ್

ಗಡಸುತನ 1.85 ಪಟ್ಟು ಇಳಿದರೆ ಬೇಕಾಗುವ ಡ್ಯಾಂಪಿಂಗ್ (ಕುಣಿತ ತಡೆಯುವ ಶಾಕ್‌ನ ಬಿಗಿ) ಅದರ ವರ್ಗಮೂಲದಷ್ಟು, ಅಂದರೆ 1.36 ಪಟ್ಟು ಇಳಿಯುತ್ತದೆ. ಹಳೆಯ ಶಾಕ್ ಹಾಗೇ ಬಿಟ್ಟರೆ ಬೇಕಾದ್ದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಬಿಗಿ. ಗುಂಡಿಗಳ ಸಾಲಿನಲ್ಲಿ ಚಕ್ರ ಕೆಳಗಿಳಿಯುವ ಮೊದಲೇ ಮುಂದಿನ ಏಟು ಬಿದ್ದು, ಕಾರು ಹಂತ ಹಂತವಾಗಿ ಕುಗ್ಗಿ ಬಂಪ್ ಸ್ಟಾಪ್ ತಲುಪುತ್ತದೆ. ಬಿಲ್‌ಸ್ಟೈನ್ ಕಂಪನಿಯ ಶಾಕ್ ಆದರೆ ಒಳಗಿನ ವಾಲ್ವ್ ಮರುಹೊಂದಿಸಿ ಕೊಡುವವರಿಗೆ ಹೊಸ ಬಾರ್‌ನ ಅಳತೆ ತಿಳಿಸಿ. ಕೋನಿ ಕಂಪನಿಯ ಕೆಂಪು ಶಾಕ್‌ನಲ್ಲಿ ಹೊಂದಿಸಬಹುದಾದ್ದು ಕುಗ್ಗಿದ ಶಾಕ್ ಮತ್ತೆ ಚಾಚುವಾಗಿನ ಬಿಗಿಯನ್ನು ಮಾತ್ರ. ಕನಿಷ್ಠದಿಂದ ಶುರುಮಾಡಿ, ಉಬ್ಬು ದಾಟಿದ ಮೇಲೆ ಕಾರು ಎರಡನೇ ಸಲ ತೇಲಿದರೆ ಮಾತ್ರ ತುಸು ಬಿಗಿಮಾಡಿ.

ರಸ್ತೆಯ ಸಣ್ಣ ಬಿರುಕುಗಳೂ ಆಸನಕ್ಕೆ ಬಡಿಯುತ್ತಿದ್ದರೆ ಅಪರಾಧಿ ಬಾರ್ ಅಲ್ಲ, ತೋಳು ತಿರುಗುವ ಜಾಗದಲ್ಲಿ ಕೂರಿಸಿದ ಗಟ್ಟಿ ಪಾಲಿಯುರೆಥೇನ್ ಬುಷ್. ಗ್ರೀಸ್ ಒಣಗಿದ ಮೇಲೆ ಅದು ತೋಳನ್ನು ಹಿಡಿದುಕೊಳ್ಳುತ್ತದೆ, ಸಣ್ಣ ಏಟಿಗೆ ಸಸ್ಪೆನ್ಷನ್ ಚಲಿಸುವುದೇ ಇಲ್ಲ. ಕಿರುಗುಟ್ಟುವುದೂ ಅದರಿಂದಲೇ. ಮೂಲದ ರಬ್ಬರ್, ಇಲ್ಲವೇ ಗ್ರೀಸ್ ನಿಪ್ಪಲ್ ಇರುವ ಕಂಚಿನ ಬುಷ್ ಹಾಕಿ. ಟ್ರೇಲಿಂಗ್ ಆರ್ಮ್‌ನ ಲೋಹದ ಗುಂಡು ಕೀಲುಗಳ ಬದಲಿಗೆ ರಬ್ಬರ್ ಹಾಕಿದರೆ ಗದ್ದಲ ಚೆನ್ನಾಗಿ ಇಳಿಯುತ್ತದೆ.

ವಾಲಾಟ ಹೆಚ್ಚಾಯಿತೆಂದು ಎಡಬಲ ಚಕ್ರಗಳನ್ನು ಜೋಡಿಸಿ ವಾಲಾಟ ತಡೆಯುವ ಆ್ಯಂಟಿ ರೋಲ್ ಬಾರ್ ಅನ್ನು ದಪ್ಪ ಮಾಡುವ ಆಸೆ ಬೇಡ. ಒಂದೇ ಕಡೆಯ ಚಕ್ರ ಗುಂಡಿಗಿಳಿದಾಗ ಅದು ಇನ್ನೊಂದು ಕಡೆಯನ್ನೂ ಅಲುಗಿಸುತ್ತದೆ. ಕಡೆಯ ವರ್ಷಗಳ ಕರೆರಾದಲ್ಲಿದ್ದ ಮುಂದೆ 22, ಹಿಂದೆ 21 ಮಿ.ಮೀ. ಸಾಕು.

ಟಯರ್‌ನ ಗೋಡೆ ಎತ್ತರವಿದ್ದಷ್ಟೂ ಸವಾರಿ ಮೆದು. 17 ಇಂಚಿನ ಚಕ್ರದ 255/40 ಟಯರ್‌ನ ಗೋಡೆ 102 ಮಿ.ಮೀ., 16 ಇಂಚಿನ 225/50 ಟಯರ್‌ನದು 112, 15 ಇಂಚಿನ 215/60 ಟಯರ್‌ನದು 129. ಟಯರ್ ಗಾಳಿಯ ಒತ್ತಡ ಮುಂದೆ 2.0, ಹಿಂದೆ 2.5 ಬಾರ್ (ಇಲ್ಲಿ ಬಾರ್ ಒತ್ತಡದ ಅಳತೆ).

ಕೊನೆಯ ಹೊಂದಾಣಿಕೆಯ ಕ್ರಮ ತಪ್ಪಬಾರದು: ಮೊದಲು ಎತ್ತರ, ಆಮೇಲೆ ಆ್ಯಂಟಿ ರೋಲ್ ಬಾರ್ ಕಳಚಿ, ಚಾಲಕನ ತೂಕ ಇಟ್ಟು ನಾಲ್ಕು ಚಕ್ರಗಳ ಭಾರ, ಅದಾದ ಮೇಲೆ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ. ಜ್ಯಾಕ್‌ನಿಂದ ಇಳಿಸಿದ ತಕ್ಷಣದ ಅಳತೆ ನಂಬಬೇಡಿ, ಕಾರನ್ನು ಹಿಂದೆ ಮುಂದೆ ಉರುಳಿಸಿ, ಒತ್ತಿ ಬಿಟ್ಟು ಅಳೆಯಿರಿ. ಕೆಲವು ನೂರು ಕಿ.ಮೀ. ಓಡಿದ ಮೇಲೆ ಬಾರ್ ಮತ್ತು ಬುಷ್ ಕೂತಿರುತ್ತವೆ, ಆಗ ಮೂರನ್ನೂ ಇದೇ ಕ್ರಮದಲ್ಲಿ ಮತ್ತೊಮ್ಮೆ ನೋಡಿ.