ಹಲಗಿ ಇಲ್ಲದ ಕಣ: ಎನ್‌ಬಿಎ ನೋಡೋ ಮಂದಿ ಯಾಕೆ ಇಷ್ಟು ಸಪ್ಪೆ?

ಪ್ರಶ್ನೆ: "ಮುಂಜಾನೆ ಆರಕ್ಕ ಎದ್ದು ಎನ್‌ಬಿಎ ನೋಡತೀನ್ರಿ. ತಮ್ಮ ಊರಿನ ಟೀಮೇ ಆಡ್ತಿರತೈತಿ, ಸೀಟ್ ತುಂಬಿರತಾವ. ಆದ್ರೂ ಮಂದಿ ಊಟದ ಪಾಳಿ ಕಾಯೋರಂಗ ಕುಂತಿರ್ತಾರ. ಯಾಕ್ರಿ ಹಿಂಗ?"
ಬಾಗಲಕೋಟೆ ನವನಗರದ ಓದುಗರೊಬ್ಬರು

ಎನ್‌ಬಿಎ ಅಂದರೆ ಅಮೆರಿಕದ ದೊಡ್ಡ ಬಾಸ್ಕೆಟ್‌ಬಾಲ್ ಲೀಗ್. ಈ ಪ್ರಶ್ನೆ ನನಗೆ ಹೊಸದಲ್ಲ. ಇಲ್ಲಿ ಬೆಳಗಾವಿಯಲ್ಲಿ ಬಾಸ್ಕೆಟ್‌ಬಾಲ್ ಆಡೋ ಕಾಲೇಜು ಹುಡುಗರೂ ಇದನ್ನೇ ಕೇಳುತ್ತಿರುತ್ತಾರೆ. ಪ್ರಶ್ನೆ ಸರಿಯಾಗಿಯೇ ಇದೆ. ಅಮೆರಿಕದಲ್ಲಿ ದುಡ್ಡು ಕೊಟ್ಟು ಒಳಗೆ ಕೂತು ನೋಡುವವರೇ ಈ ಮಾತು ಆಡುತ್ತಾರೆ.

ಮೊದಲು ಟಿವಿಯ ಪಾಲು ಎಷ್ಟೋ ಅಷ್ಟನ್ನು ಕಳೆದುಬಿಡೋಣ. ನಮ್ಮ ಮನೆಗೆ ಬರೋದು ಹದ ಮಾಡಿ ಕಳಿಸಿದ ಸದ್ದು. ಕಾಮೆಂಟರಿ ಎಲ್ಲಕ್ಕಿಂತ ಮುಂದೆ, ಅದರ ಹಿಂದೆ ಚೆಂಡು ಪುಟಿಯೋದು, ಶೂ ಕಿರುಗುಟ್ಟೋದು. ಜನರ ಕೂಗು ಇನ್ನೂ ಹಿಂದೆ. ಹಾಗಾಗಿ ಅಲ್ಲಿರುವುದಕ್ಕಿಂತ ಸ್ವಲ್ಪ ಕಡಿಮೆಯೇ ಕೇಳಿಸುತ್ತದೆ. ಆದರೆ ಕಣ್ಣಿಗೆ ಕಾಣೋ ಸಪ್ಪೆ ಮುಖಗಳಿಗೆ ಮೈಕು ಕಾರಣ ಅಲ್ವಲ್ಲ!

ಒಂದು ಲೆಕ್ಕ ಹಾಕೋಣ. ಐಪಿಎಲ್‌ನಲ್ಲಿ ನಮ್ಮ ಆರ್‌ಸಿಬಿಗೆ ಲೀಗ್ ಹಂತದಲ್ಲಿ 14 ಪಂದ್ಯ, ಅದರಲ್ಲಿ ತವರಿನಲ್ಲಿ 7. ಎನ್‌ಬಿಎ ತಂಡಕ್ಕೆ 82 ಪಂದ್ಯ. ಅರ್ಧದಷ್ಟು ಸ್ವಂತ ಊರಲ್ಲಿ. ಅಕ್ಟೋಬರ್‌ನಲ್ಲಿ ಶುರುವಾದರೆ ಏಪ್ರಿಲ್ ತನಕ ನಡೆಯುತ್ತದೆ. ವರ್ಷಕ್ಕೊಮ್ಮೆ ಬರೋ ಜಾತ್ರೆಯಲ್ಲಿ ತೇರು ಎಳೆಯುವಾಗ ಗಂಟಲು ಹರಿಯೋ ಹಾಗೆ ಕೂಗುತ್ತೇವೆ. ವಾರದ ಸಂತೆಗೆ ಹೋಗಿ ಯಾರಾದರೂ ಕೂಗುತ್ತಾರಾ? ಜನವರಿಯ ಒಂದು ಮಂಗಳವಾರ ರಾತ್ರಿ, ಹೊರಗೆ ಚಳಿ, ಎದುರಿಗೆ ಸೋತು ಸುಣ್ಣವಾದ ತಂಡ, ಬೆಳಗಾದರೆ ಕೆಲಸ. ಅವತ್ತಿನ ಪಂದ್ಯ ಸಂತೆಯೇ. ಅದರ ಮೇಲೆ, ಯಾರನ್ನು ನೋಡಲು ಹೋದರೋ ಆ ಆಟಗಾರನಿಗೆ ಅವತ್ತೇ ವಿಶ್ರಾಂತಿ ಕೊಟ್ಟಿರುತ್ತಾರೆ. ಈ ಚಾಳಿ ಜಾಸ್ತಿಯಾಗಿ, 2023ರಲ್ಲಿ ಲೀಗೇ ನಿಯಮ ತಂದು ಕಡಿವಾಣ ಹಾಕಬೇಕಾಯಿತು.

ಆಟದ ಗುಣವೂ ಒಂದು ಕಾರಣ. ಒಂದು ಪಂದ್ಯದಲ್ಲಿ ಎರಡೂ ತಂಡ ಸೇರಿ ಸುಮಾರು 80 ಸಲ ಚೆಂಡನ್ನು ಬಾಸ್ಕೆಟ್‌ಗೆ ಹಾಕುತ್ತವೆ. ಫುಟ್‌ಬಾಲ್‌ನಲ್ಲಿ ಒಂದು ಗೋಲಿಗೆ ಕುಣಿದ ಹಾಗೆ ಎಂಬತ್ತು ಸಲ ಕುಣಿಯಲು ಆಗುತ್ತದೆಯೇ? ಮೊದಲ ಹತ್ತು ನಿಮಿಷದ ಬಾಸ್ಕೆಟ್‌ಗೆ ಅಷ್ಟು ಬೆಲೆ ಇಲ್ಲ ಅಂತ ನೋಡುವವರಿಗೆ ಗೊತ್ತು. ಕೊನೆಯ ಐದು ನಿಮಿಷಕ್ಕೆ ಅಂತ ಉಸಿರು ಉಳಿಸಿಕೊಂಡಿರುತ್ತಾರೆ. ಅಷ್ಟರಲ್ಲಿ ಒಂದು ತಂಡ 20 ಪಾಯಿಂಟ್ ಮುಂದೆ ಹೋಗಿದ್ದರೆ ಅರ್ಧ ಮಂದಿ ಪಾರ್ಕಿಂಗ್ ಕಡೆ ಹೊರಟಿರುತ್ತಾರೆ.

ಇನ್ನು ಸೀಟಿನ ವಿಚಾರ. ಕ್ಯಾಮೆರಾಗೆ ಕಾಣೋದು ಕೆಳಗಿನ ಸಾಲುಗಳು. ಅವೇ ಎಲ್ಲಕ್ಕಿಂತ ತುಟ್ಟಿ. ಅಲ್ಲಿ ಎಷ್ಟೋ ಸೀಟನ್ನು ಕಂಪನಿಗಳು ಇಡೀ ಸೀಸನ್ನಿಗೆ ಕೊಂಡಿರುತ್ತವೆ. ಬಂದು ಕೂರೋದು ಅವರ ಗಿರಾಕಿಗಳು, ಅತಿಥಿಗಳು. ಹದಿನೈದು ನಿಮಿಷದ ಮಧ್ಯಂತರ ಮುಗಿದು ಮೂರನೇ ಕ್ವಾರ್ಟರ್ ಶುರುವಾದಾಗ ಗಮನಿಸಿ ನೋಡಿ: ಕೆಳಗಿನ ಸಾಲು ಖಾಲಿ ಖಾಲಿ. ಒಳಗಿನ ಊಟದ ಕೋಣೆಗಳಿಂದ ಅವರಿನ್ನೂ ಎದ್ದು ಬಂದಿರುವುದಿಲ್ಲ. ನಿಜವಾಗಿ ಕೂಗುವವರು ಮೇಲೆ, ಮಾಳಿಗೆಗೆ ತಾಗಿಕೊಂಡು ಇರುತ್ತಾರೆ. ಅವರ ಧ್ವನಿ ಅಂಗಳಕ್ಕೆ ಇಳಿಯೋ ಹೊತ್ತಿಗೆ ಅರ್ಧ ಆರಿರುತ್ತದೆ.

ಇದಕ್ಕೆ ಎಲ್ಲರೂ ಕೊಡೋ ಉದಾಹರಣೆ ಗೋಲ್ಡನ್ ಸ್ಟೇಟ್ ವಾರಿಯರ್ಸ್. ಓಕ್ಲೆಂಡಿನ ಓರಾಕಲ್ ಅರೀನಾದಲ್ಲಿ ಆಡುವಾಗ ಅಲ್ಲಿನ ಗದ್ದಲ ಎಷ್ಟಿತ್ತೆಂದರೆ, ಗರ್ಜನೆ ಅನ್ನೋ ಅರ್ಥದ ಇಂಗ್ಲಿಷ್ ಪದ ಸೇರಿಸಿ ಜನ ಅದನ್ನು 'ರೋರಾಕಲ್' ಅಂತಿದ್ದರು. 19,596 ಸೀಟಿನ ಹಳೇ ಕಟ್ಟಡ. 2019ರಲ್ಲಿ ತಂಡ ಕೊಲ್ಲಿ ದಾಟಿ ಸ್ಯಾನ್ ಫ್ರಾನ್ಸಿಸ್ಕೋದ ಚೇಸ್ ಸೆಂಟರ್‌ಗೆ ಹೋಯಿತು. 18,064 ಸೀಟು, ಕಟ್ಟಡ ಥಳಥಳ, ಟಿಕೆಟ್ ತುಟ್ಟಿ. ತಂಡದ ತಾರೆ ಸ್ಟೆಫ್ ಕರಿ ಅಲ್ಲೂ ಅದೇ ಮೂರು ಪಾಯಿಂಟಿನ ಶಾಟ್ ಹಾಕುತ್ತಿದ್ದ. ಆದರೆ ಓಕ್ಲೆಂಡಿನ ಆ ಗದ್ದಲ ಸೇತುವೆ ದಾಟಲಿಲ್ಲ ಅಂತ ಹಳೇ ಅಭಿಮಾನಿಗಳು ಇವತ್ತಿಗೂ ಗೊಣಗುತ್ತಾರೆ.

ಇಷ್ಟು ಎಲ್ಲರೂ ಹೇಳೋ ಕಾರಣ. ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಅದನ್ನು ಹೇಳಬೇಕಾದರೆ ನಿಮ್ಮನ್ನು ಒಮ್ಮೆ ಕುಸ್ತಿ ಕಣಕ್ಕೆ ಕರೆದುಕೊಂಡು ಹೋಗಬೇಕು.

ನಮ್ಮ ಆನಂದವಾಡಿ ಅಖಾಡದಲ್ಲಿ ಕುಸ್ತಿ ನೋಡಿದ್ದೀರಾ? ಅಲ್ಲಿ ಬೇಡ, ನಿಮ್ಮ ಕಡೆಯ ಯಾವುದೇ ಜಾತ್ರೆಯ ಕುಸ್ತಿ ಆದೀತು. ಹಲಗಿ ವಾದ್ಯ ಬಾರಿಸುವವರು ಎಲ್ಲಿ ನಿಂತಿರುತ್ತಾರೆ? ಕಣದ ಪಕ್ಕದಲ್ಲೇ. ಅವರ ಕೈ ಹಲಗಿಯ ಮೇಲೆ, ಕಣ್ಣು ಪೈಲ್ವಾನರ ಮೇಲೆ. ಜೋಡಿ ಬರೀ ಕೈ ಕೈ ಹಿಡಿದು ಸುತ್ತುತ್ತಿದ್ದರೆ ಬಡಿತ ಮೆಲ್ಲಗೆ. ಒಬ್ಬ ಪಟ್ಟು ಹಾಕಿದ ಅಂದರೆ ಬಡಿತ ಏರುತ್ತದೆ. ಅದರ ಜೊತೆ ಮಂದಿಯ ಕೂಗೂ ಏರುತ್ತದೆ. ಚಿತ್ ಆಗೋ ಹೊತ್ತಿಗೆ ಹಲಗಿ ಯಾವುದು, ಮಂದಿ ಯಾವುದು ತಿಳಿಯೋದಿಲ್ಲ. ಜಂಗಿ ನಿಕಾಲಿ ಕುಸ್ತಿಯಾದರೆ ಕೇಳೋದೇ ಬೇಡ. ಸೋಲು ಗೆಲುವು ತೀರ್ಮಾನ ಆಗೋ ತನಕ ಮುಗಿಯೋ ಹಾಗೇ ಇಲ್ಲ. ಆ ಹೊತ್ತೆಲ್ಲ ಹಲಗಿ ಆಟದ ಹಿಂದೆ ನಡೆಯುತ್ತದೆ, ಮಂದಿ ಹಲಗಿಯ ಹಿಂದೆ.

ಎನ್‌ಬಿಎಯಲ್ಲಿ ಹಲಗಿಯ ಜಾಗದಲ್ಲಿ ಸ್ಪೀಕರ್ ಇದೆ. ತವರಿನ ತಂಡ ಚೆಂಡು ತಂದರೆ ಒಂದು ಸಂಗೀತ, ಎದುರಿನವರು ತಂದರೆ 'ಡಿಫೆನ್ಸ್' ಅನ್ನೋ ಧ್ವನಿಮುದ್ರಣ. ಮೇಲೆ ತೂಗುವ ದೊಡ್ಡ ಪರದೆಯಲ್ಲಿ 'ಮೇಕ್ ನಾಯ್ಸ್' ಅಂತ ಬರುತ್ತದೆ. ಆಟ 48 ನಿಮಿಷದ್ದು, ಆದರೆ ಮುಗಿಯೋದಕ್ಕೆ ಎರಡು ಗಂಟೆಗೂ ಜಾಸ್ತಿ ಬೇಕು. ಒಂದೊಂದು ತಂಡಕ್ಕೂ ಏಳೇಳು ಟೈಮ್‌ಔಟ್. 2017ಕ್ಕೆ ಮೊದಲು ಒಂಬತ್ತೊಂಬತ್ತು ಇದ್ದವು! ಟಿವಿಯವರಿಗೆ ಜಾಹೀರಾತು ಬೇಕಲ್ಲ. ಆ ಬಿಡುವಿನಲ್ಲಿ ಡ್ಯಾನ್ಸು, ಟೀಶರ್ಟ್ ಎಸೆಯೋದು, ಮುತ್ತು ಕೊಡಿ ಅಂತ ಜೋಡಿಗಳನ್ನು ಪರದೆಯ ಮೇಲೆ ತೋರಿಸೋ ಕ್ಯಾಮೆರಾ. ಮೈ ಬಿಸಿಯಾಗುತ್ತಿದೆ ಅನ್ನುವಷ್ಟರಲ್ಲಿ ಟೈಮ್‌ಔಟ್ ಬಂದು ತಣ್ಣೀರು ಎರಚುತ್ತದೆ. ಕೂಗೋ ಕೆಲಸವನ್ನೂ ಯಂತ್ರವೇ ವಹಿಸಿಕೊಂಡರೆ ಟಿಕೆಟ್ ಕೊಂಡವನು ಬಂದು ನೋಡುವವನಾಗುತ್ತಾನೆ, ಅಷ್ಟೇ. ಸಿನಿಮಾಕ್ಕೆ ಕೂತ ಹಾಗೆ ಕೂರುತ್ತಾನೆ. ಹೇಳಿದಾಗ ಕೂಗುತ್ತಾನೆ, ಪರದೆ ಸುಮ್ಮನಾದರೆ ತಾನೂ ಸುಮ್ಮನಾಗುತ್ತಾನೆ.

ಹಾಗಾದರೆ ಸ್ಪೀಕರ್ ಬಂದ್ ಮಾಡಿದರಾಯಿತು ಅಂತೀರಿ. ಅದನ್ನೂ ಮಾಡಿ ನೋಡಿದ್ದಾರೆ. 2017ರ ಮಾರ್ಚ್ 5, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ನಿಕ್ಸ್ ತಂಡದವರು ಮೊದಲರ್ಧ ಪೂರ್ತಿ ಸಂಗೀತ ಇಲ್ಲ, ವಿಡಿಯೋ ಇಲ್ಲ, ಹಳೇ ಕಾಲದ ಹಾಗೆ ಬರೀ ಆಟ ಅಂದರು. ಎದುರಿಗೆ ಇದೇ ವಾರಿಯರ್ಸ್. ನನಗೆ ಕೇಳಿಯೇ ಖುಷಿಯಾಗಿತ್ತು. ಆದರೆ ವಾರಿಯರ್ಸ್‌ನ ಡ್ರೇಮಂಡ್ ಗ್ರೀನ್ ಪಂದ್ಯ ಮುಗಿದ ಮೇಲೆ ಸಿಟ್ಟಿನಿಂದಲೇ ಬೈದ. ಆಟದ ಲಯವೇ ಕೆಟ್ಟಿತು ಅನ್ನೋದು ಅವನ ದೂರು. ಎರಡನೇ ಅರ್ಧಕ್ಕೆ ಸಂಗೀತ ವಾಪಸ್ ಬಂತು. ಆಟಗಾರರಿಗೂ ಆ ಸದ್ದಿನ ಚಟ ಹತ್ತಿಬಿಟ್ಟಿದೆ ನೋಡಿ. ಹಲಗಿಯನ್ನು ತೆಗೆದು ಎಷ್ಟೋ ವರ್ಷ ಆದಮೇಲೆ ಸ್ಪೀಕರನ್ನೂ ತೆಗೆದರೆ ಉಳಿಯೋದು ಮೌನ ಮಾತ್ರ. ಮಂದಿಗೆ ತಾವಾಗಿ ಕೂಗೋದು ಮರೆತೇಹೋಗಿರುತ್ತದೆ.

2020ರಲ್ಲಿ ಇದರ ಪರಮಾವಧಿ ಕಂಡೆವು. ಕೊರೊನಾ ಕಾರಣಕ್ಕೆ ಒರ್ಲಾಂಡೊದ ಡಿಸ್ನಿ ಆವರಣದಲ್ಲಿ 22 ತಂಡಗಳನ್ನು ಇಟ್ಟು, ಪ್ರೇಕ್ಷಕರೇ ಇಲ್ಲದೆ ಆಡಿಸಿದರು. ದೊಡ್ಡ ಪರದೆಗಳಲ್ಲಿ ಮನೆಯಲ್ಲಿ ಕೂತ ಅಭಿಮಾನಿಗಳ ಮುಖ, ಸ್ಪೀಕರಿನಲ್ಲಿ ಕೂಗು. ಟಿವಿಯಲ್ಲಿ ನೋಡಿದರೆ ಅಂಥಾ ವ್ಯತ್ಯಾಸ ಅನಿಸುತ್ತಿರಲಿಲ್ಲ. ನಗಬೇಕೋ ಅಳಬೇಕೋ!

ಬಾಸ್ಕೆಟ್‌ಬಾಲೇ ಸಪ್ಪೆ ಅಂತ ಮಾತ್ರ ತಿಳಿಯಬೇಡಿ. ಬೆಲ್‌ಗ್ರೇಡ್, ಅಥೆನ್ಸ್ ಕಡೆಯ ಪಂದ್ಯ ಸಿಕ್ಕರೆ ನೋಡಿ. ಪಾರ್ಟಿಜಾನ್, ಪನಾಥಿನೈಕೋಸ್ ಅಭಿಮಾನಿಗಳು ಗುಂಪು ಕಟ್ಟಿಕೊಂಡು, ನಿಂತುಕೊಂಡೇ ಪಂದ್ಯವಿಡೀ ಹಾಡುತ್ತಾರೆ. ಅವೇ ಹೆಸರಿನ ಫುಟ್‌ಬಾಲ್ ತಂಡಗಳೂ ಇವೆ, ಅಲ್ಲಿಯ ಅಭ್ಯಾಸ ಇಲ್ಲಿಗೂ ಬಂದಿದೆ. ಕೂಗು ಹೇಳಿಕೊಡುವವನು ಆಟಕ್ಕೆ ಬೆನ್ನು ಮಾಡಿ ಮಂದಿಯ ಕಡೆ ತಿರುಗಿ ನಿಂತಿರುತ್ತಾನೆ. ಅಲ್ಲಿ ಹಲಗಿ ಇನ್ನೂ ಮನುಷ್ಯರ ಕೈಯಲ್ಲೇ ಇದೆ. ಅಮೆರಿಕದಲ್ಲೂ ಡ್ಯೂಕ್ ವಿಶ್ವವಿದ್ಯಾಲಯದ ಕ್ಯಾಮರನ್ ಅಂಗಳದಲ್ಲಿ ಬರೀ 9,314 ಸೀಟು. ವಿದ್ಯಾರ್ಥಿಗಳು ಅಂಗಳಕ್ಕೆ ಅಂಟಿಕೊಂಡೇ ನಿಲ್ಲುತ್ತಾರೆ. ದೊಡ್ಡ ಪಂದ್ಯಕ್ಕೆ ವಾರಗಟ್ಟಲೆ ಹೊರಗೆ ಟೆಂಟ್ ಹಾಕಿ ಕಾಯುತ್ತಾರೆ. ಮುಂಬೈಗೆ 2019ರ ಅಕ್ಟೋಬರ್‌ನಲ್ಲಿ ಎನ್‌ಬಿಎ ಬಂದಾಗ ಮೊದಲ ಪಂದ್ಯಕ್ಕೆ ಕೂರಿಸಿದ್ದು ಸುಮಾರು 3,000 ಶಾಲಾ ಮಕ್ಕಳನ್ನು. ಪಂದ್ಯ ಹೆಚ್ಚುವರಿ ಅವಧಿಗೆ ಹೋಗಿ ಇಂಡಿಯಾನಾ ಪೇಸರ್ಸ್ 132-131ರಿಂದ ಗೆದ್ದಿತು. ಕೂಗಿಗೇನೂ ಬರ ಇರಲಿಲ್ಲ.

ಲೀಗಿನ ಒಳಗೂ ಕೆಲವರಿಗೆ ಎಚ್ಚರ ಬಂದಿದೆ. ಲಾಸ್ ಏಂಜಲೀಸ್ ಕ್ಲಿಪ್ಪರ್ಸ್ 2024ರಲ್ಲಿ ತಮ್ಮದೇ ಇಂಟ್ಯೂಟ್ ಡೋಮ್ ತೆರೆದಾಗ, ಒಂದು ಬಾಸ್ಕೆಟ್ಟಿನ ಹಿಂದೆ 51 ಸಾಲುಗಳನ್ನು ಗೋಡೆಯ ಹಾಗೆ ಕಡಿದಾಗಿ ಕಟ್ಟಿದರು. ಹೆಸರೇ 'ದ ವಾಲ್'. ನಡುವೆ ಐಷಾರಾಮಿ ಕೋಣೆಗಳಿಲ್ಲ. ಎದುರಾಳಿ ತಂಡದ ಅಂಗಿ ತೊಟ್ಟು ಅಲ್ಲಿ ಕೂರೋ ಹಾಗಿಲ್ಲ. ಫ್ರೀ ಥ್ರೋ, ಅಂದರೆ ಫೌಲ್ ಆದಾಗ ಸಿಗೋ ಅಡ್ಡಿಯಿಲ್ಲದ ಎಸೆತ, ಹಾಕುವ ಎದುರಾಳಿಯ ಕಣ್ಣಿಗೆ ಬರೀ ಕೈ, ಬಾಯಿ ಕಾಣಬೇಕು ಅನ್ನೋದು ಲೆಕ್ಕ. ದುಡ್ಡಿನವರು ಕೆಡಿಸಿದ್ದನ್ನು ದುಡ್ಡಿನವರೇ ಕಟ್ಟಿ ಸರಿಮಾಡಲು ಹೊರಟಿದ್ದಾರೆ, ಇರಲಿ.

ನಿಮಗೊಂದು ಸಲಹೆ. ಜನವರಿಯಲ್ಲಿ ಸುಮ್ನೆ ನಿದ್ದೆ ಕೆಡಿಸಿಕೊಳ್ಳಬೇಡಿ. ಏಪ್ರಿಲ್ ನಡುವಿಗೆ ಪ್ಲೇಆಫ್ ಶುರುವಾಗುತ್ತದೆ. ಏಳು ಪಂದ್ಯದಲ್ಲಿ ನಾಲ್ಕು ಗೆಲ್ಲಬೇಕು, ಸೋತರೆ ಮನೆಗೆ. ಸಂತೆ ಮುಗಿದು ಜಾತ್ರೆ ಶುರು. ಆ ಹೊತ್ತಿಗೆ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದೆ ಮಾಡಿರುತ್ತಾರೆ. ನೀವು ಚಳಿಗಾಲದಲ್ಲಿ ಆರಕ್ಕೆ ನೋಡುತ್ತಿದ್ದ ಪಂದ್ಯ ಐದಕ್ಕೇ ಬರುತ್ತದೆ, ಅಲಾರಂ ಬದಲಿಸಿಕೊಳ್ಳಿ. ಒಕ್ಲಹೋಮ ಸಿಟಿಯಲ್ಲಿ ಪಂದ್ಯ ಇದ್ದರಂತೂ ಮೊದಲ ನಿಮಿಷ ತಪ್ಪಿಸಬೇಡಿ. ತಮ್ಮ ತಂಡದ ಮೊದಲ ಬಾಸ್ಕೆಟ್ ಬೀಳೋ ತನಕ ಅಲ್ಲಿನ ಮಂದಿ ಕೂರುವುದೇ ಇಲ್ಲ.