ಅಪ್ಪನಿಂದ ಬಂದರೆ ಮಾತ್ರ ಕೆಲಸ ಮಾಡುವ ಅಕ್ಷರ

ಎರಡು ಕಾಡುಹಂದಿ, ಲಾರ್ಜ್ ವೈಟ್ ಎಂಬ ಸಾಕುತಳಿಯ ಎಂಟು ಹೆಣ್ಣುಹಂದಿ. ಸ್ವೀಡನ್ನಿನಲ್ಲಿ ತಳಿವಿಜ್ಞಾನಿ ಲೀಫ್ ಆಂಡರ್ಸನ್ ತಂಡ ಮಾಡಿಸಿದ ಈ ಸಂಬಂಧದಿಂದ ಮೊಮ್ಮಕ್ಕಳ ತಲೆಮಾರಿನಲ್ಲಿ 200 ಹಂದಿಗಳಾದವು. ಕಾಡಿನ ಅಜ್ಜ ನಿಧಾನಕ್ಕೆ ಬೆಳೆದು ಬೆನ್ನ ಮೇಲೆ ಕೊಬ್ಬು ಕೂಡಿಡುವವನು. ಅಜ್ಜಿ ಬೇಗ ಮೈ ತುಂಬಿಕೊಳ್ಳುವವಳು, ತುಂಬಿದ್ದರಲ್ಲೂ ಮಾಂಸವೇ ಹೆಚ್ಚು. ಮೊಮ್ಮಕ್ಕಳಲ್ಲಿ ಇಬ್ಬರ ಗುಣವೂ ಇಸ್ಪೀಟಿನ ಎಲೆಗಳ ಹಾಗೆ ಕಲಸಿಹೋಗಿತ್ತು. ಯಾವ ಹಂದಿಯ ವರ್ಣತಂತುವಿನ ಯಾವ ತುಂಡು ಕಾಡಿನದು, ಅದರ ಬೆನ್ನಿನ ಕೊಬ್ಬು ಎಷ್ಟು ದಪ್ಪ ಎಂಬ ಎರಡು ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಿದರು. 4ನೇ ವರ್ಣತಂತುವಿನ ಒಂದು ಭಾಗಕ್ಕೂ ಬೆಳವಣಿಗೆ, ಕೊಬ್ಬುಗಳಿಗೂ ನಂಟಿದೆ ಎಂದು 1994ರಲ್ಲಿ ಪ್ರಕಟಿಸಿದರು.

ಅದಕ್ಕಿಂತ ವಿಚಿತ್ರವಾದದ್ದು 2ನೇ ವರ್ಣತಂತುವಿನಲ್ಲಿ ಕಾದಿತ್ತು. ಅಲ್ಲಿನ ಒಂದು ಜಾಗ ಅಪ್ಪನಿಂದ ಬಂದಿದ್ದರೆ ಮಾತ್ರ ಮರಿಯ ಮಾಂಸ, ಕೊಬ್ಬುಗಳಲ್ಲಿ ವ್ಯತ್ಯಾಸ ಕಾಣುತ್ತಿತ್ತು. ಅಮ್ಮನಿಂದ ಬಂದರೆ ಏನೂ ಇಲ್ಲ. ಬೆಲ್ಜಿಯಂನ ಲಿಯೆಜ್‌ನಲ್ಲಿ ಮಿಶೆಲ್ ಜಾರ್ಜ್ ತಂಡ ಪಿಯೆತ್ರೆನ್ ಮತ್ತು ಲಾರ್ಜ್ ವೈಟ್ ತಳಿಗಳನ್ನು ಕೂಡಿಸಿ ಹುಡುಕುತ್ತಿತ್ತು. ಅವರಿಗೂ ಅದೇ ಜಾಗ, ಅದೇ ಅಪ್ಪನ ಪಕ್ಷಪಾತ ಸಿಕ್ಕಿತು. 1999ರಲ್ಲಿ ಎರಡೂ ತಂಡಗಳ ವರದಿ ಒಟ್ಟಿಗೇ ಬಂದವು.

ನಮ್ಮ ಬಹುಪಾಲು ವಂಶವಾಹಿಗಳು ಹೀಗಲ್ಲ. ಅಪ್ಪನದೊಂದು, ಅಮ್ಮನದೊಂದು ಎಂದು ಎರಡೆರಡು ಪ್ರತಿ ಇರುತ್ತವೆ, ಎರಡೂ ದುಡಿಯುತ್ತವೆ. ಕೆಲವು ವಂಶವಾಹಿಗಳಲ್ಲಿ ಮಾತ್ರ ಒಬ್ಬರ ಪ್ರತಿಗೆ ಮೊದಲೇ ಬಾಯಿಗೆ ಬೀಗ ಬಿದ್ದಿರುತ್ತದೆ. ಹಂದಿಯ 2ನೇ ವರ್ಣತಂತುವಿನ ಆ ಜಾಗದಲ್ಲಿರುವ ಐಜಿಎಫ್-2 ಅಂಥದ್ದು. ಇನ್ಸುಲಿನ್ನಿಗೆ ಹತ್ತಿರದ ನಂಟಿನ ಒಂದು ಬೆಳವಣಿಗೆಯ ಪ್ರೋಟೀನನ್ನು ಅದು ತಯಾರಿಸುತ್ತದೆ. ಅಮ್ಮನ ಪ್ರತಿ ಸುಮ್ಮನಿರುತ್ತದೆ, ಅಪ್ಪನದೇ ನಡೆಯುತ್ತದೆ.

ಸರಿ, ಆ ವಂಶವಾಹಿಯಲ್ಲಿ ಬದಲಾದದ್ದಾದರೂ ಏನು? ಬೇರೆ ಬೇರೆ ಹಂದಿಗಳ ಸುಮಾರು 28 ಸಾವಿರ ಅಕ್ಷರಗಳಷ್ಟು ಡಿಎನ್‌ಎಯನ್ನು ಸಾಲುಸಾಲಾಗಿ ಹೋಲಿಸಿದಾಗ 2003ರಲ್ಲಿ ಉತ್ತರ ಸಿಕ್ಕಿತು: ಒಂದೇ ಒಂದು ಅಕ್ಷರ. ‘ಜಿ’ ಇರಬೇಕಾದಲ್ಲಿ ‘ಎ’. ಅದೂ ಪ್ರೋಟೀನಿನ ಪಾಕವಿಧಾನ ಬರೆದಿರುವ ಭಾಗದಲ್ಲಲ್ಲ. ಕೋಶ ಕತ್ತರಿಸಿ ಬಿಸಾಡುವ ಇಂಟ್ರಾನ್ ಎಂಬ ನಡುವಿನ ಸಾಲಿನಲ್ಲಿ. ಕಸ ಎಂದು ಬದಿಗೆ ಸರಿಸುತ್ತಿದ್ದ ಜಾಗವನ್ನೇ ಗುಡಿಸಿದಾಗ ಮೂಗುಬೊಟ್ಟು ಸಿಕ್ಕಂತಾಯಿತು. ಈ ಹಂದಿ ಬಳಗಗಳಲ್ಲಿ ಮಾಂಸದ ಪ್ರಮಾಣ ಒಂದರಿಂದೊಂದಕ್ಕೆ ಏಕೆ ಬೇರೆ ಎಂಬುದರಲ್ಲಿ ಶೇ. 15ರಿಂದ 30ರಷ್ಟು ಪಾಲು, ಬೆನ್ನಿನ ಕೊಬ್ಬಿನ ವ್ಯತ್ಯಾಸದಲ್ಲಿ ಶೇ. 10ರಿಂದ 20ರಷ್ಟು ಪಾಲು ಈ ಜಾಗದ್ದು. ನೂರಾರು ವಂಶವಾಹಿಗಳು ಚೂರುಚೂರು ಕೈಜೋಡಿಸುವ ಗುಣದಲ್ಲಿ ಒಂದು ಅಕ್ಷರಕ್ಕೆ ಇಷ್ಟು ದೊಡ್ಡ ಪಾಲು ಅಪರೂಪ.

‘ಜಿ’ ಇದ್ದಾಗ ಅಲ್ಲಿಗೆ ಒಂದು ಪ್ರೋಟೀನು ಬಂದು ಅಂಟಿಕೊಂಡು ಐಜಿಎಫ್-2ರ ಕೆಲಸಕ್ಕೆ ಕಡಿವಾಣ ಹಾಕುತ್ತದೆ. ‘ಎ’ ಆದರೆ ಅದಕ್ಕೆ ಹಿಡಿ ಸಿಗುವುದಿಲ್ಲ. ಮರಿ ಹುಟ್ಟಿದ ಮೇಲೆ ಮಾಂಸಖಂಡದಲ್ಲಿ ಪ್ರೋಟೀನು ತಯಾರಿಸಲು ಐಜಿಎಫ್-2 ಕಳಿಸುವ ಸಂದೇಶ ಸುಮಾರು ಮೂರು ಪಟ್ಟು ಏರುತ್ತದೆ, ಮೇವು ಕೊಬ್ಬಾಗುವ ಬದಲು ಮಾಂಸವಾಗುತ್ತದೆ. ಈ ಕಡಿವಾಣದ ಪ್ರೋಟೀನು ಯಾವುದೆಂದು ತಿಳಿದದ್ದು 2009ರಲ್ಲಿ. ಹಂದಿಯ ಅದೇ ಡಿಎನ್‌ಎ ತುಣುಕನ್ನು ಗಾಳ ಮಾಡಿಕೊಂಡು ಹಿಡಿದಾಗ ಸಿಕ್ಕಿದ್ದು ಅಲ್ಲಿಯವರೆಗೆ ಯಾರೂ ಗುರುತಿಸಿರದ ಝಡ್‌ಬೆಡ್-6. ಎಂದೋ ಒಂದು ಕಾಲದಲ್ಲಿ ವರ್ಣತಂತುಗಳ ಮಧ್ಯೆ ಅಲೆದಾಡುತ್ತಿದ್ದ ಜಿಗಿಯುವ ಡಿಎನ್‌ಎ ಸಸ್ತನಿಗಳಲ್ಲಿ ಸಂಸಾರಕ್ಕೆ ಬಿದ್ದು ಹೀಗೆ ಕೆಲಸಕ್ಕೆ ನಿಂತಿದೆ. ಮನುಷ್ಯರಲ್ಲೂ ಇದೆ. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಪಾತ್ರ ಇದೇ.

ಕೊಬ್ಬು ಯಾವಾಗಲೂ ಬೇಡದ ವಸ್ತುವಾಗಿರಲಿಲ್ಲ. ಯುರೋಪಿನ ಅಡುಗೆಮನೆಗಳಲ್ಲಿ ಕರಿಯಲು, ಬೇಯಿಸಲು ಹಂದಿಯ ಕೊಬ್ಬೇ ಎಣ್ಣೆಯಾಗಿತ್ತು. ಸಸ್ಯದ ಎಣ್ಣೆಗಳು ಅಗ್ಗವಾದ ಮೇಲೆ ಗಿರಾಕಿಗೆ ತೆಳು ಮಾಂಸ ಬೇಕಾಯಿತು. (ಪಂದಿಕರಿ ಉಣ್ಣುವ ಕೊಡಗಿನವರನ್ನು ಕೇಳಿದರೆ ಬೇರೆಯೇ ಉತ್ತರ ಬಂದೀತು.) ಆ ಬಯಕೆಗೆ ಹೇಳಿ ಮಾಡಿಸಿದ್ದು ಪಿಯೆತ್ರೆನ್, ಬೆಲ್ಜಿಯಂನ ಅದೇ ಹೆಸರಿನ ಹಳ್ಳಿಯ ತಳಿ. ತೊಡೆಗಳು ಕುಸ್ತಿ ಪೈಲ್ವಾನನವು. ಆದರೆ ಲಾರಿಗೆ ಹತ್ತಿಸುವಾಗಲೇ ಗಾಬರಿಯಿಂದ ಮೈ ಸೆಟೆದು, ಜ್ವರವೇರಿ ಸಾಯುವ ಹಂದಿಗಳೂ ಇವುಗಳಲ್ಲೇ ಹೆಚ್ಚಿದ್ದವು. ಬದುಕಿ ಕಟುಕನ ಕೈ ತಲುಪಿದರೂ ಮಾಂಸ ಬಿಳಿಚಿಕೊಂಡು ನೀರು ಒಸರುತ್ತಿತ್ತು. ಕಾರಣ ಇನ್ನೊಂದು ವಂಶವಾಹಿಯಲ್ಲಿನ ಒಂದಕ್ಷರದ ತಪ್ಪು: ಸ್ನಾಯುವಿನೊಳಗೆ ಕ್ಯಾಲ್ಸಿಯಂ ಬಿಡುವ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಹಿಂದೆ ಮರಿಯ ಮೂತಿಗೆ ಹ್ಯಾಲೋಥೇನ್ ಅರಿವಳಿಕೆ ಹಿಡಿದು, ಕಾಲು ಸೆಟೆಯುತ್ತದೆಯೇ ನೋಡಿ ಪತ್ತೆ ಮಾಡುತ್ತಿದ್ದರು. 1991ರಲ್ಲಿ ತಪ್ಪಿನ ಜಾಗ ಸಿಕ್ಕಿದ ಮೇಲೆ ರಕ್ತದ ಹನಿಯೇ ಸಾಕಾಯಿತು, ಎಷ್ಟೋ ತಳಿಗಳಿಂದ ಅದನ್ನು ತೆಗೆದುಹಾಕಲು ಸಾಧ್ಯವಾಯಿತು.

ಐಜಿಎಫ್-2ರ ‘ಎ’ ಅಕ್ಷರಕ್ಕೆ ಈ ಶಾಪವಿಲ್ಲ. ಮೇಲಾಗಿ ಅಪ್ಪನ ಪಕ್ಷಪಾತವೇ ತಳಿಗಾರನಿಗೆ ಒಂದು ದಾರಿ ಕೊಡುತ್ತದೆ. ಹತ್ತಾರು ಮರಿಗಳಿಗೆ ಹಾಲೂಡಿಸುವ ತಾಯಿಹಂದಿಯ ಮೈಯಲ್ಲಿ ಒಂದಿಷ್ಟು ಕೊಬ್ಬಿರಬೇಕು, ಇಲ್ಲವಾದರೆ ಹಾಲುಣಿಸುವ ವಾರಗಳಲ್ಲಿ ಸೊರಗಿಹೋಗುತ್ತದೆ. ಹಾಗಾಗಿ ತಾಯಿ ಸಾಲಿನಲ್ಲಿ ‘ಜಿ’ ಉಳಿಸಿಕೊಳ್ಳಬಹುದು, ತಂದೆ ಸಾಲಿನಲ್ಲಿ ಎರಡೂ ಪ್ರತಿ ‘ಎ’ ಇರುವ ಗಂಡನ್ನು ಆರಿಸಬಹುದು. ಮಾಂಸಕ್ಕೆಂದು ಸಾಕುವ ಮರಿಗಳೆಲ್ಲ ಅಪ್ಪನ ‘ಎ’ ಪಡೆದು ತೆಳ್ಳಗೆ ಬೆಳೆಯುತ್ತವೆ. ಅಮ್ಮ ಕೊಟ್ಟ ‘ಜಿ’ ಅವುಗಳ ಒಳಗೇ ಇರುತ್ತದೆ, ಬೀಗ ಹಾಕಿಕೊಂಡು.