ಮಂಚದ ಬುದ್ಧಿ ಬಿಟ್ಟು ಜೋಲಿ ಹತ್ತಿ

ಮೊನ್ನೆ ಬನಶಂಕರಿಯಿಂದ ಫೋನ್ ಬಂತು. "ಅಣ್ಣಾ, ನಿಮ್ಮ ಹತ್ರ ತಗೊಂಡ ಹ್ಯಾಮಕ್ ಸರಿ ಇಲ್ಲ. ಎರಡು ದಿನದಿಂದ ಬೆನ್ನು ಹಿಡ್ಕೊಂಡಿದೆ." ಫೋಟೊ ಕಳಿಸಿ ಎಂದೆ. ಕಳಿಸಿದರು. ನಾನು ಅಂದುಕೊಂಡಿದ್ದೇ ಆಗಿತ್ತು. ಎರಡು ಕಂಬಗಳ ನಡುವೆ ಜೋಲಿಯನ್ನು ತಂಬೂರಿ ತಂತಿಯ ಹಾಗೆ ಎಳೆದು ಕಟ್ಟಿದ್ದರು. ಬೆರಳಲ್ಲಿ ಮೀಟಿದರೆ ಶ್ರುತಿ ಸಿಗಬೇಕು, ಅಷ್ಟು ಬಿಗಿ.

ಕಾಟನ್‌ಪೇಟೆಯ ಒಂದು ಸಂದಿಯಲ್ಲಿ ನನ್ನ ಹೊಲಿಗೆ ಅಂಗಡಿ. ಮೊದಲು ಸ್ಕೂಲ್ ಬ್ಯಾಗು, ಟಾರ್ಪಾಲು ಹೊಲಿಯುತ್ತಿದ್ದೆ. ಆಮೇಲೆ ಟ್ರೆಕ್ಕಿಂಗ್ ಹುಡುಗರು ಟೆಂಟ್ ರಿಪೇರಿಗೆ ಬರತೊಡಗಿದರು. ಈಗ ಹ್ಯಾಮಕ್ಕೇ ಜಾಸ್ತಿ. ಸೊಳ್ಳೆಪರದೆ, ಜಿಪ್ಪು ಏನೂ ಇಲ್ಲದ ಬರೀ ತೆರೆದ ಜೋಲಿ. ಒಂದೇ ಬಟ್ಟೆ, ಎರಡು ತುದಿಯಲ್ಲಿ ನೆರಿಗೆ, ಎರಡು ಪಟ್ಟಿ. ಮಡಚಿದರೆ ಒಂದು ತೆಂಗಿನಕಾಯಿಯಷ್ಟಾಗುತ್ತದೆ. ಅಡ್ಡ ಕೂತರೆ ಕುರ್ಚಿ, ಕಾಲು ಎತ್ತಿಕೊಂಡರೆ ಹಾಸಿಗೆ. ಇದರಲ್ಲಿ ಕೆಡುವುದಕ್ಕೆ ಏನೂ ಇಲ್ಲ ಅಂತ ನೀವು ಅಂದುಕೊಳ್ಳಬಹುದು. ನಾನೂ ಹಾಗೇ ಅಂದುಕೊಂಡಿದ್ದೆ.

ಕೆಡುವುದು ಕಟ್ಟುವಾಗ. ತಪ್ಪು ಮಾಡುವವರನ್ನು ಪೂರ್ತಿ ಬೈಯಲೂ ಆಗದು. ನಮ್ಮದೆಲ್ಲ ನವಾರು ಮಂಚದ ಬುದ್ಧಿ. ನವಾರು ಸಡಿಲವಾದರೆ ನಡು ಕುಸಿಯುತ್ತದೆ, ಬೆಳಿಗ್ಗೆ ಏಳುವಾಗ ಅಯ್ಯೋ ಅನ್ನಿಸುತ್ತದೆ. ಅದಕ್ಕೇ ಆಗಾಗ ಇಬ್ಬರು ಕೂತು, ಕಾಲು ಕೊಟ್ಟು, ನವಾರು ಎಳೆದು ಬಿಗಿ ಮಾಡುತ್ತಿದ್ದರು. ಸಡಿಲ ಅಂದರೆ ನೋವು, ಬಿಗಿ ಅಂದರೆ ಸುಖ. ತಲೆಯಲ್ಲಿ ಅದು ಕೂತುಬಿಟ್ಟಿದೆ. ಮಂಚದ ಮಟ್ಟಿಗೆ ಸರಿಯೇ. ಆದರೆ ಮಂಚಕ್ಕೆ ನಾಲ್ಕೂ ಕಡೆ ಚೌಕಟ್ಟಿದೆ, ಜೋಲಿಗೆ ಇರುವುದು ಎರಡೇ ತುದಿ. ಎರಡು ತುದಿಯಿಂದ ಎಳೆದರೆ ಬಟ್ಟೆ ಹರಡಿಕೊಳ್ಳುವುದಿಲ್ಲ, ಮುದುಡಿಕೊಳ್ಳುತ್ತದೆ. ಅಂಚುಗಳೆರಡೂ ಬಿಗಿದು ಎದ್ದು ನಿಲ್ಲುತ್ತವೆ. ಮಧ್ಯೆ ನೀವು, ಅವರೆಕಾಯಿಯೊಳಗಿನ ಕಾಳಿನ ಹಾಗೆ. ಭುಜ ಒತ್ತುತ್ತದೆ. ಮಂಡಿಯ ಹಿಂಭಾಗ ಎಳೆಯುತ್ತದೆ. ಮಗ್ಗುಲು ಬದಲಿಸಲು ಹೋದರೆ ಜೋಲಿಯೇ ಮಗುಚಿ ನಿಮ್ಮನ್ನು ನೆಲಕ್ಕೆ ಹಾಕುತ್ತದೆ.

ಸಡಿಲ ಬಿಡಿ. ಎಷ್ಟು ಸಡಿಲ? ಪಟ್ಟಿ ಮರದಿಂದ ಇಳಿಯುವಾಗ ನೆಲದ ಮಟ್ಟಕ್ಕೆ ಸುಮಾರು 30 ಡಿಗ್ರಿ ಓರೆ ಇರಬೇಕು. ಅಳೆಯಲು ಏನೂ ಬೇಡ. ತೋರುಬೆರಳನ್ನು ಅಡ್ಡ ಚಾಚಿ, ಹೆಬ್ಬೆರಳನ್ನು ನೇರ ಮೇಲೆತ್ತಿ. ಹೆಬ್ಬೆರಳ ತುದಿಯಿಂದ ತೋರುಬೆರಳ ತುದಿಗೆ ಒಂದು ಗೆರೆ ಎಳೆದ ಹಾಗೆ ಊಹಿಸಿಕೊಳ್ಳಿ. ಹೆಚ್ಚುಕಡಿಮೆ ಅದೇ ಓರೆ. ಇನ್ನೊಂದು ಲೆಕ್ಕವೂ ಇದೆ. ಕಟ್ಟಿದ ಮೇಲೆ ಜೋಲಿಯ ಎರಡು ತುದಿಗಳ ನಡುವಿನ ದೂರ, ಅದರ ಪೂರ್ತಿ ಉದ್ದದ ಆರರಲ್ಲಿ ಐದು ಪಾಲು ಇರಬೇಕು. 11 ಅಡಿಯ ಜೋಲಿಗೆ 9 ಅಡಿ ಚಿಲ್ಲರೆ. ನೋಡಿದರೆ ಬಾಳೆಹಣ್ಣಿನ ಹಾಗೆ ಬಾಗಿರುತ್ತದೆ. "ಇಷ್ಟು ಬಾಗಿದ್ರೆ ಬೆನ್ನೂ ಬಾಗಲ್ವಾ?" ಇದೇ, ಇದೇ ಪ್ರಶ್ನೆ. ದಿನಾ ಕೇಳುತ್ತಾರೆ.

ಬಾಗುತ್ತದೆ, ನೀವು ಬಾಳೆಹಣ್ಣಿನ ಉದ್ದಕ್ಕೇ ಮಲಗಿದರೆ. ಹಾಗೆ ಮಲಗಬೇಡಿ. ಮಧ್ಯದಲ್ಲಿ ಕೂತು, ತಲೆಯನ್ನು ಒಂದು ಅಂಚಿನ ಕಡೆಗೆ, ಕಾಲನ್ನು ಎದುರು ಅಂಚಿನ ಕಡೆಗೆ ಹಾಕಿ. ಅಂದರೆ ಓರೆಯಾಗಿ. ಮೂಲೆಯಿಂದ ಮೂಲೆಗೆ. ಹಾಗೆ ತಿರುಗಿದ ತಕ್ಷಣ ಕೆಳಗಿನ ಬಟ್ಟೆ ಹರಡಿ ಹೆಚ್ಚುಕಡಿಮೆ ಚಪ್ಪಟೆಯಾಗುತ್ತದೆ. ಹಾಗೆ ಹರಡಿಕೊಳ್ಳಲು ಬೇಕಾದ ಬಟ್ಟೆಯನ್ನು ಕೊಡುವುದು ಆ ಸಡಿಲವೇ. ಬಿಗಿ ಕಟ್ಟಿದರೆ ತಿರುಗಲು ಜಾಗವೇ ಇರುವುದಿಲ್ಲ, ಓರೆ ಮಲಗಲೂ ಆಗುವುದಿಲ್ಲ. ಸಡಿಲ ಬಿಟ್ಟರೆ ಬಾಗುತ್ತದೆ, ಬಾಗಿದರೆ ತಿರುಗಬಹುದು, ತಿರುಗಿದರೆ ಚಪ್ಪಟೆ. ಇದನ್ನು ಒಂದು ಬೋರ್ಡು ಬರೆಸಿ ಅಂಗಡಿ ಮುಂದೆ ಹಾಕೋಣ ಅಂತ ಮಗಳು ಹೇಳುತ್ತಾಳೆ. ಓದುವವರು ಯಾರು?

ಒಂದು ಮಾತು ಬಿಟ್ಟೆ. ಕಾಲಿನ ಕಡೆಯ ಪಟ್ಟಿಯನ್ನು ತಲೆಯ ಕಡೆಗಿಂತ ಒಂದು ಗೇಣು ಮೇಲೆ ಕಟ್ಟಿ. ಮೈ ಜಾರಿ ಮಧ್ಯಕ್ಕೆ ಬರುವುದು ನಿಲ್ಲುತ್ತದೆ.

ಈ ಕರಾವಳಿ ರೆಸಾರ್ಟ್ ಫೋಟೊಗಳಿಂದ ನನಗೆ ಇನ್ನೊಂದು ತಲೆನೋವು. ಎರಡೂ ತುದಿಯಲ್ಲಿ ಮರದ ಕೋಲು ಹಾಕಿ ಚಾಪೆಯ ಹಾಗೆ ಹರಡಿರುತ್ತದಲ್ಲ, "ಅಂಥದ್ದು ಕೊಡಿ, ಅದು ಚಪ್ಪಟೆ ಇರತ್ತೆ" ಅನ್ನುತ್ತಾರೆ. ಕ್ಯಾಮೆರಾಗೆ ಚೆನ್ನ. ಮೈ ಭಾರ ಮೇಲೆದ್ದು ನಿಲ್ಲುವುದರಿಂದ ಅದರಷ್ಟು ಬೇಗ ಮಗುಚುವುದು ಇನ್ನೊಂದಿಲ್ಲ. ಹ್ಯಾಮಕ್ ಎಂಬ ಪದವೇ ಕೆರಿಬಿಯನ್ ದ್ವೀಪಗಳ ತೈನೊ ಜನರ ಮಾತಿನಿಂದ ಸ್ಪ್ಯಾನಿಷ್ ಮೂಲಕ ಬಂದದ್ದು. 1492ರಲ್ಲಿ ಕೊಲಂಬಸ್ ಅಲ್ಲಿಗೆ ಹೋದಾಗ ಜನ ಹತ್ತಿಯ ಬಲೆಗಳಲ್ಲಿ ಮಲಗುವುದನ್ನು ನೋಡಿದ್ದ. ಮೆಕ್ಸಿಕೊದ ಯುಕಟಾನ್ ಕಡೆ ಇವತ್ತೂ ಮನೆಯೊಳಗೆ ಜೋಲಿಯಲ್ಲೇ ಮಲಗುತ್ತಾರೆ. ಕೋಲಿಲ್ಲ. ಓರೆಯಾಗಿ, ಕೆಲವರು ಪೂರ್ತಿ ಅಡ್ಡಡ್ಡ.

ಬಿಗಿ ಕಟ್ಟುವುದರಲ್ಲಿ ಬೆನ್ನುನೋವಿಗಿಂತ ದೊಡ್ಡ ಅಪಾಯವೊಂದಿದೆ. ತಾರಸಿಯಲ್ಲಿ ಬಟ್ಟೆ ಒಣಹಾಕುವ ತಂತಿ ನೆನಪಿಸಿಕೊಳ್ಳಿ. ಸಡಿಲ ತಂತಿಯ ಮೇಲೆ ಒದ್ದೆ ಕಂಬಳಿ ಹಾಕಿದರೆ ತಂತಿ ಜೋಲುತ್ತದೆ, ಅಷ್ಟೇ. ಬಿಗಿ ತಂತಿಯ ಮೇಲೆ ಅದೇ ಕಂಬಳಿ ಹಾಕಿದರೆ ಕಂಬವೇ ಒಳಗೆ ಬಾಗುತ್ತದೆ. 70 ಕಿಲೊ ಮನುಷ್ಯ 30 ಡಿಗ್ರಿ ಓರೆಯಲ್ಲಿ ಮಲಗಿದರೆ ಒಂದೊಂದು ಪಟ್ಟಿಯ ಮೇಲೂ ಸುಮಾರು 70 ಕಿಲೊ ಎಳೆತ. ಓರೆ 10 ಡಿಗ್ರಿಗೆ ಇಳಿದರೆ ಒಂದೊಂದರ ಮೇಲೂ 200 ಕಿಲೊ. 5 ಡಿಗ್ರಿ, ಅಂದರೆ ನಮ್ಮ ಬನಶಂಕರಿಯವರ ತಂಬೂರಿ, 400 ಕಿಲೊ. ಇದು ಅಲ್ಲಾಡದೆ ಮಲಗಿದಾಗಿನ ಲೆಕ್ಕ. ಧೊಪ್ ಅಂತ ಕೂತರೆ ಇನ್ನೂ ಜಾಸ್ತಿ.

ನನ್ನ ಕಥೆಯನ್ನೂ ಹೇಳಬೇಕು. ಶುರುವಿನಲ್ಲಿ ನಮ್ಮನೆ ತಾರಸಿಯ ಮೇಲೆ, ಗಿಡದ ಕುಂಡ ಇಡಲು ಕಟ್ಟಿಸಿದ್ದ ಇಟ್ಟಿಗೆ ಕಂಬಕ್ಕೆ ನಾನೇ ಒಂದು ಜೋಲಿ ಕಟ್ಟಿದ್ದೆ. ಬಿಗಿಯಾಗಿಯೇ. ಮೂರನೇ ದಿನ ಕಂಬ ಬುಡಸಮೇತ ನನ್ನ ಕಡೆ ವಾಲಿತು. ತಲೆಗೆ ಒಂದು ಮೊಳ ದೂರದಲ್ಲಿ ಬಿತ್ತು. ಇಟ್ಟಿಗೆ ಕೆಳಮುಖ ಭಾರ ಎಷ್ಟು ಬೇಕಾದರೂ ಹೊರುತ್ತದೆ, ಪಕ್ಕಕ್ಕೆ ಎಳೆದರೆ ಬಿಟ್ಟುಕೊಡುತ್ತದೆ. ಅವತ್ತಿನಿಂದ ಪ್ಯಾರಾಪೆಟ್ಟು, ಬಾಲ್ಕನಿ ರೈಲಿಂಗು, ನಾಲ್ಕಿಂಚಿನ ಗೋಡೆ, ಟೊಳ್ಳು ಬ್ಲಾಕಿನ ಗೋಡೆ ಇವಕ್ಕೆ ನಾನು ಕಟ್ಟಿಕೊಡುವುದಿಲ್ಲ. "ಉಯ್ಯಾಲೆ ಕೊಂಡಿ ಇದೆಯಲ್ಲ, ಅದಕ್ಕೇ ಹಾಕಿ" ಅನ್ನುತ್ತಾರೆ. ಉಯ್ಯಾಲೆ ಕೆಳಗೆ ಎಳೆಯುತ್ತದೆ, ಜೋಲಿ ಪಕ್ಕಕ್ಕೆ ಎಳೆಯುತ್ತದೆ. ಕಾಂಕ್ರೀಟ್ ಪಿಲ್ಲರೋ ಬೀಮೋ ಇದ್ದರೆ ಆಂಕರ್ ಬೋಲ್ಟ್ ಹಾಕಬಹುದು. ಎಲ್ಲಿ, ಎಷ್ಟು ಆಳ ಅನ್ನುವುದನ್ನು ನಿಮ್ಮ ಕಟ್ಟಡ ಬಲ್ಲ ಇಂಜಿನಿಯರನ್ನು ಕೇಳಿ, ದರ್ಜಿಯನ್ನಲ್ಲ.

ಮರಗಳ ವಿಷಯ ಬೇಗ ಮುಗಿಸುತ್ತೇನೆ. ತಬ್ಬಿಕೊಳ್ಳಬಹುದಾದಷ್ಟು ದಪ್ಪ ಇರಲಿ, ಜೀವಂತ ಇರಲಿ. ನುಗ್ಗೆ ಬೇಡವೇ ಬೇಡ, ಗುಲ್‌ಮೊಹರ್ ಕೊಂಬೆಯ ಕೆಳಗೂ ನಾನು ಮಲಗುವುದಿಲ್ಲ. ತೆಂಗಿನ ಮರವಾದರೆ ಮೊದಲು ಕತ್ತೆತ್ತಿ ನೋಡಿ. ಹಗ್ಗ ತೊಗಟೆಯನ್ನು ಕೊರೆಯುತ್ತದೆ, ಎರಡಿಂಚು ಅಗಲದ ಪಾಲಿಯೆಸ್ಟರ್ ಪಟ್ಟಿ ಹಾಕಿ. ನೈಲಾನ್ ಪಟ್ಟಿ ಹಿಗ್ಗುತ್ತದೆ, ಬೆಳಗಿನ ಹೊತ್ತಿಗೆ ನೀವು ನೆಲದ ಹತ್ತಿರ ಇರುತ್ತೀರಿ. ಕಬ್ಬನ್ ಪಾರ್ಕಿನಲ್ಲಿ ಕಟ್ಟಬಹುದಾ ಅಂತ ನನ್ನನ್ನು ಕೇಳಬೇಡಿ, ಅಲ್ಲಿಯ ಸಿಬ್ಬಂದಿಯನ್ನು ಕೇಳಿ.

ಕ್ಯಾಂಪಿಂಗ್‌ಗೆ ಹೋಗುವವರಿಗೆ ಒಂದೇ ಎಚ್ಚರಿಕೆ, ಚಳಿ. ಡಿಸೆಂಬರಿನಲ್ಲಿ ಸಕಲೇಶಪುರದ ಎಸ್ಟೇಟಿಗೆ ಹೋಗಿಬಂದ ಹುಡುಗರು ನನ್ನ ಮೇಲೆ ಮುನಿಸಿಕೊಂಡಿದ್ದರು. ಒಳ್ಳೆ ಸ್ಲೀಪಿಂಗ್ ಬ್ಯಾಗ್ ಇದ್ದರೂ ರಾತ್ರಿಯಿಡೀ ಬೆನ್ನು ತಣ್ಣಗೆ. ಮೈ ಭಾರಕ್ಕೆ ಬ್ಯಾಗಿನೊಳಗೆ ತುಂಬಿದ್ದೆಲ್ಲ ಅಮುಕಿಹೋಗುತ್ತದೆ, ಅದರಲ್ಲಿದ್ದ ಗಾಳಿಯೇ ಬೆಚ್ಚಗಿಡುವುದು. ಕೆಳಗೆ ತಣ್ಣನೆ ಗಾಳಿ ಬೀಸುತ್ತಲೇ ಇರುತ್ತದೆ. ಬೆನ್ನಿನ ಕೆಳಗೆ ಒಂದು ಫೋಮ್ ಚಾಪೆ ಹಾಕಿಕೊಂಡರೆ ಆಯಿತು. ಸೊಳ್ಳೆ ಕೆಳಗಿನಿಂದಲೂ, ತೆಳು ಬಟ್ಟೆಯ ಮೂಲಕವೇ ಕಚ್ಚುತ್ತದೆ. ಚಾಪೆ ಅದಕ್ಕೂ ಆದೀತು.

ಜೋಲಿಯಲ್ಲಿ ನಿದ್ದೆ ಬೇಗ ಬರುತ್ತದಾ? 2011ರಲ್ಲಿ ಜಿನೀವಾದ ಸಂಶೋಧಕರು 12 ಮಂದಿಯನ್ನು ಮಧ್ಯಾಹ್ನ 45 ನಿಮಿಷ ಮಲಗಿಸಿ ನೋಡಿದ್ದರು. ನಿಧಾನವಾಗಿ ತೂಗಿದಾಗ ಬೇಗ ನಿದ್ದೆ ಹತ್ತಿತು. ಆದರೆ ಅದು ತೂಗುವ ಮಂಚ, ಜೋಲಿಯಲ್ಲ. ಹಾಗಾಗಿ ಬೆನ್ನುನೋವು ವಾಸಿಯಾಗುತ್ತೆ, ನಿದ್ದೆಮಾತ್ರೆ ಬಿಡಬಹುದು ಅಂತೆಲ್ಲ ನಾನು ಯಾರಿಗೂ ಹೇಳಿ ಮಾರುವುದಿಲ್ಲ. ಡಿಸ್ಕ್ ತೊಂದರೆ ಇದ್ದವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಹತ್ತಲಿ. ಹಸುಗೂಸನ್ನು ಇದರಲ್ಲಿ ಒಂಟಿಯಾಗಿ ಬಿಡಬೇಡಿ.

ಬನಶಂಕರಿಗೆ ಭಾನುವಾರ ನಾನೇ ಹೋದೆ. ಕಂಬಗಳು ಕಾಂಕ್ರೀಟಿನವು, ನಡುವೆ 15 ಅಡಿ. ಪಟ್ಟಿಗಳನ್ನು 6 ಅಡಿ ಎತ್ತರಕ್ಕೆ ಏರಿಸಿ, ಜೋಲಿಯನ್ನು ಇಳಿಬಿಟ್ಟೆ. ಕೂತರೆ ಕುರ್ಚಿಯಷ್ಟೇ ಎತ್ತರ. ಆ ಸಾಫ್ಟ್‌ವೇರ್ ಹುಡುಗ ಅನುಮಾನದಿಂದ ನೋಡುತ್ತ ನಿಂತಿದ್ದ. ಒಳಗಿಂದ ಅವರಮ್ಮ ಬಂದರು. "ನಿನ್ನನ್ನ ಸೀರೆ ಜೋಲೀಲಿ ಮಲಗಿಸ್ತಿದ್ದೆ ಕಣೋ. ಅದನ್ನ ಯಾರಾದ್ರೂ ಬಿಗಿಯಾಗಿ ಕಟ್ತಾರಾ?" ಅಂದವರೇ ತಾವೇ ಕೂತು, ನಾನು ಹೇಳಿದ ಹಾಗೆ ಓರೆ ತಿರುಗಿ ಮಲಗಿಬಿಟ್ಟರು. ಐದು ನಿಮಿಷದಲ್ಲಿ ಗೊರಕೆ.

ತೊಂದರೆ ಆಗಿದ್ದು ಏಳುವಾಗ. ಎಪ್ಪತ್ತು ದಾಟಿದವರು, ಹಿಡಿದುಕೊಳ್ಳಲು ಏನೂ ಇಲ್ಲ. ಮೇಲಿನ ಬೀಮಿನಲ್ಲಿದ್ದ ಹಳೇ ತೊಟ್ಟಿಲ ಕೊಕ್ಕೆಗೆ ಒಂದು ದಪ್ಪ ಹಗ್ಗ ಇಳಿಬಿಟ್ಟು, ತುದಿಗೆ ಹಿಡಿಯಲು ಗಂಟು ಹಾಕಿಕೊಟ್ಟೆ. ಹಗ್ಗದ ದುಡ್ಡು ಬೇಡ ಎಂದೆ. ಒಂದು ಡಬ್ಬಿ ಕೋಡುಬಳೆ ಕೊಟ್ಟು ಕಳಿಸಿದರು. ಡಬ್ಬಿ ವಾಪಸ್ ಕೊಡಲು ಇನ್ನೊಂದು ಸಲ ಹೋಗಬೇಕು.